ಮಗ್ಗದ ಮನೆಯಲ್ಲಿ ಪರೀಕ್ಷೆ

"ಸಾರು ತಣ್ಣಗಿದೆ" ಎಂದರು ಲಕ್ಷ್ಮಣಪ್ಪ.

ಮೆಲ್ಲಗೆ ಹೇಳಿದೆ ಎಂದುಕೊಂಡೇ ಅವರು ಹೇಳಿದ್ದು. ಆದರೆ ಬಾಳೆಲ್ಲ ಪವರ್‌ಲೂಮಿನ ಪಕ್ಕ ನಿಂತು ಅವರ ಕಿವಿ ಮಂದವಾಗಿತ್ತು. ಅವರ ಮೆಲುದನಿ ಪಕ್ಕದ ಮನೆಯ ಹಿತ್ತಲಿನವರೆಗೂ ಹೋಗುತ್ತಿತ್ತು. ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಯಾರ ಮನೆಯ ಸಾರು ಯಾವತ್ತು ತಣ್ಣಗಿತ್ತು ಎಂಬುದು ಎಲ್ಲರಿಗೂ ಗೊತ್ತಾಗುತ್ತಿದ್ದದ್ದು ಹೀಗೆಯೇ.

ಸೊಸೆ ಅರುಣಾ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟು ಎದ್ದಳು. "ಬಿಸಿ ಮಾಡ್ಕೊಂಡ್ ಬರ್ತೀನಿ ಮಾವ."

"ಬ್ಯಾಡ ಬಿಡು. ಅದರೊಳಗೆ ಯಾವನೋ ಮೇಷ್ಟ್ರು ಪಾಠ ಮಾಡ್ತಾವ್ನಲ್ಲ, ಅವನಿಗೆ ಬಿಸಿ ಮಾಡ್ಕೊಡು."

"ಅವ್ರಿಗೆ ತಣ್ಣಗಿದ್ರೂ ನಡೀತದೆ ಮಾವ. ನಿಮ್ಮಷ್ಟು ನಾಲಗೆ ರುಚಿ ಇಲ್ಲ ಅವ್ರಿಗೆ."

ಲಕ್ಷ್ಮಣಪ್ಪನವರ ಹೆಂಡತಿ ಅಂಜನಮ್ಮ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಗ ವೇಣುಗೋಪಾಲ್ ಮುದ್ದೆಯ ಮೇಲೆ ಕಣ್ಣು ನೆಟ್ಟು, ತನಗೆ ಏನೂ ಕೇಳಿಸಲಿಲ್ಲ ಎನ್ನುವಂತೆ ಗುಳುಕ್ಕನೆ ನುಂಗಿದ. ಅಪ್ಪನಿಗೂ ಹೆಂಡತಿಗೂ ನಡುವೆ ಕೂತ ಗಂಡಸು ಮಾಡಬಹುದಾದ ಜಾಣತನ ಅಷ್ಟೇ.

ಅರುಣಾ ತ್ಯಾಮಗೊಂಡ್ಲಿನ ಹುಡುಗಿ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಈ ಮನೆಯ ಸಂಬಂಧ ಬಂತು. "ಪರೀಕ್ಷೆಗೇನಂತೆ, ನಮ್ಮನೆಯಿಂದಾನೇ ಹೋಗಿ ಬರೀಲಿ" ಎಂದು ಲಕ್ಷ್ಮಣಪ್ಪ ಬೀಗರಿಗೆ ಮಾತು ಕೊಟ್ಟಿದ್ದರು. ಪರೀಕ್ಷೆಯ ಹೊತ್ತಿಗೆ ಸೀರೆಯ ಸೀಸನ್ನು ಬಂತು, ಮಗ್ಗಕ್ಕೆ ಆಳು ಸಿಗಲಿಲ್ಲ, ಮುಂದಿನ ಸಲ ಎಂದರು. ಮುಂದಿನ ಸಲಕ್ಕೆ ಮಗಳು ಶ್ವೇತ ಹೊಟ್ಟೆಯಲ್ಲಿದ್ದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅರುಣಾ ಕೂಡ ಎತ್ತಲಿಲ್ಲ. ಆದರೆ ಎತ್ತಲಿಲ್ಲ ಎಂದ ಮಾತ್ರಕ್ಕೆ ಮರೆತಳು ಎಂದು ತಿಳಿದವರು ಹೆಂಗಸರನ್ನು ತಿಳಿದವರಲ್ಲ.

ಈಗ ಶ್ವೇತ ಊರಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಒಂದು ವಿಷಯಕ್ಕೆ ಪಾಠ ಮಾಡುವವರೇ ಇರಲಿಲ್ಲ. ಆ ಪೇಪರನ್ನು ಆನ್‌ಲೈನಿನಲ್ಲಿ ಓದಿ ಪಾಸು ಮಾಡಿದರೆ ಅಂಕ ಸೇರಿಸಿಕೊಳ್ಳುತ್ತೇವೆ, ಸರ್ಕಾರವೇ ಹಾಗೆ ನಿಯಮ ಮಾಡಿದೆ ಎಂದು ರವಿಚಂದ್ರ ಮೇಷ್ಟ್ರು ಮಕ್ಕಳನ್ನು ಕೂರಿಸಿಕೊಂಡು ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. "ನಿಮ್ಮನೇಲಿ ಓದು ಅರ್ಧಕ್ಕೆ ಬಿಟ್ಟೋರು ಯಾರಾದ್ರೂ ಇದ್ರೆ ಕಳ್ಸಿ. ಸರ್ಕಾರಿ ವಿಶ್ವವಿದ್ಯಾಲಯದ್ದೇ ಡಿಗ್ರಿ, ಮನೇಲೇ ಕೂತು ಓದ್ಬೋದು" ಎಂದರು. ಶ್ವೇತ ಮನೆಗೆ ಬಂದು ಅದನ್ನು ತಮಾಷೆಗೆ ಹೇಳಿದಳು. ಅವಳಮ್ಮ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಹಳೆಯ ಅಂಕಪಟ್ಟಿ ಈಗ ನಡೆಯುವುದಿಲ್ಲ, ಮೊದಲ ವರ್ಷದಿಂದಲೇ ಶುರು ಮಾಡಬೇಕು ಎಂದು ಮೇಷ್ಟ್ರು ಸಂಕೋಚದಿಂದ ಹೇಳಿದಾಗಲೂ "ಆಗ್ಲಿ ಸಾರ್" ಎಂದಳು. ನಲವತ್ತರ ಹತ್ತಿರ ಬಂದ ಹೆಂಗಸು, ನಾಲ್ಕು ಮಗ್ಗದ ಮನೆಯನ್ನು ಹೆಗಲ ಮೇಲೆ ಹೊತ್ತುಕೊಂಡು, ಅಷ್ಟು ಸಲೀಸಾಗಿ ಹೇಳಿದ ಆ "ಆಗ್ಲಿ"ಯನ್ನು ನಾನು ದೊಡ್ಡದು ಎಂದೇ ಎಣಿಸುತ್ತೇನೆ.

ಈ ಸರ್ಕಾರಿ ಯೋಜನೆಗಳನ್ನು ಆಡಿಕೊಳ್ಳುವುದು ನಮಗೆ ಸುಲಭ. ಸರ್ವರ್ ಬಿದ್ದುಹೋಗುತ್ತದೆ, ಓಟಿಪಿ ಬರುವುದಿಲ್ಲ, ಬಂದರೂ ವೇಳೆ ಮೀರಿದ ಮೇಲೆ ಬರುತ್ತದೆ. ಎಲ್ಲ ನಿಜ. ಆದರೆ ಬೆಳಗ್ಗೆ ಮುದ್ದೆ ತೊಳಸುತ್ತಿದ್ದ ಅರುಣಾಳ ಎದುರು, ಒಲೆಯ ಪಕ್ಕದ ಗೂಡಿನಲ್ಲಿಟ್ಟ ಫೋನಿನೊಳಗೆ, ದೊಡ್ಡ ದೊಡ್ಡ ಪ್ರೊಫೆಸರುಗಳು ಬಂದು ನಿಂತು ಕನ್ನಡದಲ್ಲಿ ಲೆಕ್ಕಶಾಸ್ತ್ರ ಹೇಳಿಕೊಟ್ಟು ಹೋಗುತ್ತಿದ್ದದ್ದೂ ಅಷ್ಟೇ ನಿಜ. ಅವಳು ಒಂದು ಸಲ "ಇನ್ನೊಂದ್ಸಲ ಹೇಳಿ" ಎಂದು ಬೆರಳಾಡಿಸಿದರೆ ಅವರು ಬೇಸರವಿಲ್ಲದೆ ಮತ್ತೆ ಹೇಳುತ್ತಿದ್ದರು. ಆ ಮನೆಯಲ್ಲಿ ಹಾಗೆ ಅವಳ ಮಾತು ಕೇಳುತ್ತಿದ್ದ ಗಂಡಸರು ಅವರಷ್ಟೇ.

ಅಡುಗೆ ಮುಗಿದ ಮೇಲೆ ಮಗ್ಗದ ಸರದಿ. ಅಲ್ಲಿ ಇಯರ್‌ಫೋನು ಕೆಲಸಕ್ಕೆ ಬಾರದು. ನಾಲ್ಕು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ಪಟಾಕಿ ಹಚ್ಚಿದರೂ ಕಣ್ಣಿಗೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅರುಣಾ ಫೋನನ್ನು ಮಗ್ಗದ ಚೌಕಟ್ಟಿಗೆ ದಾರದಿಂದ ಕಟ್ಟಿ, ಪ್ರೊಫೆಸರರ ತುಟಿ ನೋಡುತ್ತಿದ್ದಳು. ತುಟಿ ನೋಡಿದರೆ ಅವಳಿಗೆ ಮಾತು ತಿಳಿಯುತ್ತಿತ್ತು. ಇದು ಅವಳೊಬ್ಬಳ ವಿದ್ಯೆಯಲ್ಲ. ಮಗ್ಗದ ಮನೆಗಳಲ್ಲಿ ಎಲ್ಲರೂ ಮಾತಾಡುವುದೇ ಹಾಗೆ. ಬಾಯಿಯನ್ನು ಅಗಲವಾಗಿ ಆಡಿಸಬೇಕು, ದನಿ ಹೊರಡಿಸಬೇಕಾಗಿಲ್ಲ, ಜೊತೆಗೆ ಒಂದಿಷ್ಟು ಕೈ, ಹುಬ್ಬು. ಈ ಗೋಡೆಯಿಂದ ಆ ಗೋಡೆಗೆ ಇಡೀ ಸಂಸಾರದ ವಹಿವಾಟು ಉಸಿರಿಲ್ಲದೆ ನಡೆದುಹೋಗುತ್ತದೆ. ಹುಟ್ಟಿದ ಮಕ್ಕಳು ಮೊದಲು ಕಲಿಯುವುದೂ ಇದನ್ನೇ.

"ಅಮ್ಮಾ, ಈ ಸಲ ಯಾವ ಪೇಪರ್ ಕಷ್ಟ?" ಎಂದು ಶ್ವೇತ ಒಮ್ಮೆ ಕೇಳಿದಳು.

"ಆಡಿಟಿಂಗು ಕಣೇ."

"ಅದೇನು ಅಷ್ಟೊಂದು ಟಫ್ಫಾ?"

"ಪಾಠ ಸುಲಭಾನೇ. ಆ ಸಾರ್‌ಗೆ ಮೀಸೆ ಜಾಸ್ತಿ. ಮೇಲ್ತುಟಿ ಕಾಣ್ಸಲ್ಲ."

ಮಗಳು ಬಿದ್ದು ಬಿದ್ದು ನಕ್ಕಳು. ಅಂಜನಮ್ಮನವರು ಬಂದು ಆ ಮೀಸೆಯನ್ನು ಕೂಲಂಕಷವಾಗಿ ನೋಡಿ, "ಪಾಪ, ಕತ್ತರಿಸ್ಕೊ ಅಂತ ಹೇಳೋಕೆ ಹೆಂಡ್ತಿ ಇಲ್ಲ ಅನ್ಸತ್ತೆ" ಎಂದರು.

ಹೀಗೆ ಮೂರನೆಯ ವರ್ಷದ ಕೊನೆಯ ಸೆಮಿಸ್ಟರಿಗೆ ಬಂದಿತ್ತು ಓದು. ಆಗಲೇ ಲಕ್ಷ್ಮಣಪ್ಪ ಒಂದು ದಿನ ಊಟದ ನಡುವೆ ತೀರ್ಪು ಕೊಟ್ಟರು.

"ವೇಣು, ಇದೇ ಕಡೇದು. ಈ ಸಲ ಪಾಸಾದ್ರೆ ಆಯ್ತು. ಆಗ್ದೆ ಹೋದ್ರೆ ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕೆ. ಇನ್ನೊಂದ್ಸಲ ಬರೀತೀನಿ, ಮತ್ತೊಂದ್ಸಲ ಬರೀತೀನಿ ಅಂತ ಈ ಮನೇಲಿ ಕೇಳಂಗಿಲ್ಲ."

"ಅಪ್ಪಾ, ಅವಳು ಇಲ್ಲೀವರ್ಗೂ ಒಂದ್ ಪೇಪರೂ ಬಿಟ್ಟಿಲ್ಲ."

"ಅದ್ಕೇ ಅಂದಿದ್ದು. ಬಿಟ್ರೆ ಅಲ್ಲಿಗೆ ಮುಗೀತು."

ವೇಣುಗೋಪಾಲ್ ಹೆಂಡತಿಯ ಮುಖ ನೋಡಿದ. ಅವಳು ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ಸರಿ ಮಾವ" ಎಂದಳು. ಆ ಮನೆಯಲ್ಲಿ ಲಕ್ಷ್ಮಣಪ್ಪನವರಿಗೆ ಸೊಸೆಯೇ ಬಡಿಸಬೇಕು. ಹೆಂಡತಿ ಬಡಿಸಿದರೆ ಉಪ್ಪು ಹೆಚ್ಚು, ಮೊಮ್ಮಗಳು ಬಡಿಸಿದರೆ ಗಮನವಿಲ್ಲ, ತಾವೇ ಬಡಿಸಿಕೊಳ್ಳುವುದಂತೂ ಹುಟ್ಟಿದಾಗಿನಿಂದ ಗೊತ್ತಿಲ್ಲ. ಕೂತರೆ ಸೊಸೆ ಬರಬೇಕು, ಬರುವವರೆಗೆ ತಟ್ಟೆಯ ಮುಂದೆ ಕೂತಿರುತ್ತಾರೆ.

ಆಡಿಟಿಂಗ್ ಪರೀಕ್ಷೆ ಆಷಾಢದಲ್ಲಿ ಬಂತು, ಹನ್ನೆರಡರಿಂದ ಎರಡು ಗಂಟೆಯವರೆಗೆ. ಶ್ವೇತ ತನ್ನ ಲ್ಯಾಪ್‌ಟಾಪನ್ನು ನಡುಮನೆಯ ಗೋಡೆಯ ಪಕ್ಕ ಇಟ್ಟು, ಅಮ್ಮನೂ ಬಾಗಿಲೂ ಒಟ್ಟಿಗೆ ಕಾಣುವ ಹಾಗೆ ಕ್ಯಾಮೆರಾ ಸರಿಮಾಡಿ, ನಿಯಮಗಳನ್ನು ಓದಿ ಹೇಳಿದಳು. ಉತ್ತರವನ್ನು ಕಾಗದದ ಮೇಲೆ ಬರೆದು ಕೊನೆಗೆ ಫೋಟೋ ತೆಗೆದು ಕಳಿಸಬೇಕು. ಪರೀಕ್ಷೆ ಮುಗಿಯುವ ತನಕ ಎದ್ದೇಳುವಂತಿಲ್ಲ. ಕೋಣೆಯೊಳಗೆ ಬೇರೆ ಯಾರೂ ಬರಬಾರದು. ಯಾರ ಜೊತೆಯೂ ಮಾತಾಡಬಾರದು. ಎಲ್ಲೋ ದೂರದಲ್ಲಿ ಕೂತು ಒಬ್ಬರು ನೋಡುತ್ತಿರುತ್ತಾರೆ, ಎಲ್ಲವೂ ರೆಕಾರ್ಡ್ ಆಗುತ್ತದೆ.

"ಮಗ್ಗ ನಿಲ್ಸ್ಲಾ?" ಎಂದು ವೇಣುಗೋಪಾಲ್ ಕೇಳಿದ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಕೊಡಬೇಕಾಗಿತ್ತು. ಕೇಳಿದ ದನಿಯಲ್ಲೇ ಬೇಡ ಅನ್ನಲಿ ಎಂಬ ಆಸೆ ಇತ್ತು.

"ಬ್ಯಾಡ ರೀ, ಓಡ್ಲಿ. ಸದ್ದು ನಿಂತ್ರೆ ಎಲ್ಲಿ ಎಳೆ ಕಡೀತೋ ಅಂತ ನನ್ನ ಜೀವ ಅಲ್ಲಿಗೇ ಹೋಗತ್ತೆ."

ಅವಳು ಹೇಳಿದ್ದು ಸುಳ್ಳಲ್ಲ. ಮಗ್ಗದ ಮನೆಯವರಿಗೆ ಸದ್ದು ಇದ್ದರೆ ನೆಮ್ಮದಿ.

ಒಂದು ಗಂಟೆ ದಾಟಿತು. ಅರುಣಾಳ ಪೆನ್ನು ಚೆನ್ನಾಗಿ ಓಡುತ್ತಿತ್ತು. ಆಗ ಅಂಜನಮ್ಮ ನಡುಮನೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಯಾರೂ ಬರಬಾರದು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಹೊಸಲಿನಿಂದ ಒಂದು ಬೆರಳೂ ಈಚೆ ಇಡಲಿಲ್ಲ. ಮಾತಾಡಬಾರದು ಎಂಬುದೂ ನೆನಪಿತ್ತು, ದನಿಯನ್ನೇ ತೆಗೆಯಲಿಲ್ಲ. ಬರೀ ತುಟಿಯಾಡಿಸಿದರು.

"ಇವ್ರು ಊಟಕ್ಕೆ ಕೂತವ್ರೆ. ಸಾರು ಎಲ್ಲಿಟ್ಟಿದ್ಯೇ?"

ಅರುಣಾ ತಲೆಯೆತ್ತಿ ಅದೇ ರೀತಿಯಲ್ಲಿ ಉತ್ತರ ಕೊಟ್ಟಳು. "ಒಲೆ ಹಿಂದೆ, ಮುಚ್ಚಿಟ್ಟಿದೀನಿ."

"ನೀನೇ ಬಂದು ಬಡಿಸ್ಬೇಕಂತೆ."

"ನಿಮ್ಮ ಯಜಮಾನ್ರಿಗೆ ಹೇಳಿ ಅತ್ತೆ, ಒಂದಿನ ತಾವೇ ಬಡಿಸ್ಕೊಂಡ್ರೆ ಕೈಯೇನೂ ಸವೆದೋಗಲ್ಲ ಅಂತ."

"ಅದನ್ನ ಹೇಳೀ ಹೇಳೀ ನನ್ನ ಬಾಯೇ ಸವೆದೋಯ್ತು."

ಇಬ್ಬರೂ ನಕ್ಕರು. ಅರುಣಾ ಮತ್ತೆ ಬರೆಯತೊಡಗಿದಳು. ಮಾತಾಡಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಆ ಮನೆಯಲ್ಲಿ ದನಿ ಹೊರಟರೆ ಮಾತು, ಇಲ್ಲದಿದ್ದರೆ ಅದು ಕೈ ಬೀಸಿದ ಹಾಗೆ, ತಲೆ ಕೆರೆದ ಹಾಗೆ. ಪರೀಕ್ಷೆ ಮುಗಿಸಿ, ಮಾವನಿಗೆ ಬಡಿಸಿ, ತಾನೂ ಉಂಡು ಮಗ್ಗಕ್ಕೆ ಹೋದಳು. ಪೇಪರ್ ಸುಲಭವಿತ್ತು ಎಂದು ಎಲ್ಲರಿಗೂ ಹೇಳಿದಳು.

ಕೆಲವು ವಾರ ಕಳೆದು ಫಲಿತಾಂಶ ಬಂತು. ಎಲ್ಲ ಪೇಪರುಗಳ ಮುಂದೆ ಅಂಕವಿತ್ತು, ಒಳ್ಳೆಯ ಅಂಕ. ಆಡಿಟಿಂಗಿನ ಮುಂದೆ 'ತಡೆಹಿಡಿಯಲಾಗಿದೆ' ಎಂದಿತ್ತು. ಅದರ ಹಿಂದೆಯೇ ಒಂದು ಮೇಲ್ ಬಂತು. ಪರೀಕ್ಷೆಯ ವೇಳೆ ಹೊರಗಿನ ವ್ಯಕ್ತಿಯೊಬ್ಬರು ಅಭ್ಯರ್ಥಿಗೆ ತುಟಿಯ ಚಲನೆಯಿಂದ ಉತ್ತರ ಹೇಳಿಕೊಟ್ಟಂತೆ ಕಾಣುತ್ತಿದೆ, ವಿಚಾರಣಾ ಸಮಿತಿಯ ಮುಂದೆ ಆನ್‌ಲೈನಿನಲ್ಲಿ ಹಾಜರಾಗಬೇಕು.

ಶ್ವೇತ ಅದನ್ನು ಎಲ್ಲರಿಗೂ ಓದಿ ಹೇಳಿದಳು.

"ಹೊರಗಿನ ವ್ಯಕ್ತಿ ಯಾರೇ?" ಎಂದರು ಅಂಜನಮ್ಮ.

"ನೀನೇ ಅಜ್ಜಿ."

"ನಾನ್ಯಾಕೆ ಹೊರಗಿನೋಳಾಗ್ತೀನಿ, ಈ ಮನೆಗೆ ಬಂದು..." ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. "ನಾನು ಹೇಳ್ಕೊಟ್ನಾ? ನಾನು? ನಾನು ಓದಿರೋದು ನಾಲ್ಕನೇ ಕ್ಲಾಸು ಕಣೇ!" ಆಮೇಲೆ ಅವರು ಅಳತೊಡಗಿದರು. ಹಾಳಾದ ಸಾರು, ಹಾಳಾದ ನನ್ನ ಬಾಯಿ ಎಂದು ಬಾಯಿ ಬಾಯಿ ಬಡಿದುಕೊಂಡರು. ಅರುಣಾ ಅವರ ಕೈ ಹಿಡಿದುಕೊಂಡು, ತನ್ನ ಕಣ್ಣನ್ನು ಭುಜಕ್ಕೆ ಒರೆಸಿಕೊಂಡಳು.

ಮೇಷ್ಟ್ರು ರವಿಚಂದ್ರ ಮುಚ್ಚುಮರೆ ಮಾಡದೆ ಹೇಳಿದರು. ನಕಲು ಎಂದು ತೀರ್ಮಾನವಾದರೆ ಇಡೀ ಸೆಮಿಸ್ಟರ್ ರದ್ದು, ಒಂದು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. "ನಿಜ ಏನೋ ಅದನ್ನ ಹೇಳಿ ಅರುಣಾ. ಆದ್ರೆ ನಿಜಕ್ಕೂ ಸಾಕ್ಷಿ ಕೇಳ್ತಾರೆ" ಎಂದರು.

ಒಂದು ವರ್ಷ ಎಂದರೆ ಬೇರೆ ಮನೆಯಲ್ಲಿ ಒಂದು ವರ್ಷ. ಈ ಮನೆಯಲ್ಲಿ ಅದು ಅಟ್ಟ. ಅದಕ್ಕಿಂತ ಹೆಚ್ಚಾಗಿ, ಕಾಪಿ ಹೊಡೆದವಳು ಎಂಬ ಹೆಸರು. ಕಾಲೇಜಿನಲ್ಲಿ ಮಗಳಿಗೂ ಆ ಹೆಸರು ಅಂಟುತ್ತದೆ. ಅರುಣಾ ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ.

ಲಕ್ಷ್ಮಣಪ್ಪನವರಿಗೆ ವಿಷಯ ಹೇಳಲೇಬೇಕಾಯಿತು. ಅವರು ಕೇಳಿದ ಮೊದಲ ಪ್ರಶ್ನೆ, "ಅತ್ತೆ ಸೊಸೆ ಅಂಥದ್ದೇನು ಮಾತಾಡ್ಕೊಂಡ್ರಿ?"

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಾರಿನ ವಿಷ್ಯ ಮಾವ" ಎಂದಳು ಅರುಣಾ.

"ಸಾರಿನ ವಿಷ್ಯ ಏನು?"

"ಸಾರು ಎಲ್ಲಿದೆ ಅಂತ."

"ಅಷ್ಟಕ್ಕೆ ನಗೋದು ಏನಿತ್ತು? ನಕ್ಕಿದೀರ ಅಂತಲೂ ಬರ್ದವ್ರಂತಲ್ಲ."

ಮುದುಕರು ಅನುಮಾನದಿಂದ ಎಲ್ಲರನ್ನೂ ಒಂದು ಸುತ್ತು ನೋಡಿ, "ಓದು ಬ್ಯಾಡ ಅಂದಾಗ ಕೇಳ್ಬೇಕಿತ್ತು" ಎಂದು ಎದ್ದುಹೋದರು. ಗಂಡನಿಗೂ ಮಗಳಿಗೂ ಅರುಣಾ ಪೂರಾ ಮಾತನ್ನು ಹೇಳಿದ್ದಳು. ಮನೆಯಲ್ಲಿ ಅದು ಗೊತ್ತಿಲ್ಲದೆ ಉಳಿದವರು ಮನೆಯ ಯಜಮಾನರೊಬ್ಬರೇ.

ವಿಚಾರಣೆಯ ಹಿಂದಿನ ದಿನ ಬೆಳಗ್ಗೆ, ರೊಟ್ಟಿ ತಟ್ಟುವ ಹೊತ್ತಿನಲ್ಲಿ, ವೇಣುಗೋಪಾಲ್ ಅಡುಗೆಮನೆಗೆ ಬಂದು ಕುಕ್ಕುರುಗಾಲಿನಲ್ಲಿ ಕೂತ. ಏನೋ ಉಪಾಯ ತಂದಿದ್ದಾನೆ ಎಂದು ಅರುಣಾಳಿಗೆ ಗೊತ್ತಾಯಿತು.

"ನೋಡು, ನೀನು ಮಾತಾಡ್ದೆ ಅಂತ ಒಪ್ಕೋಬೇಡ. ರಾಯರ ಶ್ಲೋಕ ಹೇಳ್ಕೋತಿದ್ದೆ ಅನ್ನು. ತುಟಿ ಆಡ್ಸಿದ್ದು ಅದಕ್ಕೆ."

"ನಿಮ್ಮಮ್ಮ?"

"ಅಮ್ಮನೂ ಶ್ಲೋಕ ಹೇಳ್ತಿದ್ರು."

"ಇಬ್ರೂ ಸರದಿ ಮೇಲೆ? ಮಧ್ಯೆ ನಗ್ತಾ?"

ಶ್ವೇತ ಬಾಗಿಲಿಗೆ ಒರಗಿ ನಿಂತಿದ್ದಳು. "ಅಮ್ಮಾ, ಅಪ್ಪ ಹೇಳೋದು ಕಾಮಿಡಿ. ಆದ್ರೆ ಅಜ್ಜಿಗೆ ಬುದ್ಧಿ ಸ್ವಲ್ಪ ಸರಿ ಇಲ್ಲ, ಒಬ್ರೇ ಏನೇನೋ ಆಡ್ಕೋತಾರೆ ಅಂದ್ಬಿಡು. ಯಾರು ಬಂದು ಚೆಕ್ ಮಾಡ್ತಾರೆ?"

"ಲೇ!" ಎಂದರು ಅಂಜನಮ್ಮ. ಆದರೆ ತಕ್ಷಣವೇ, "ಹೂಂ ಕಣೇ ಅರುಣಾ, ಅಂದ್ಬಿಡು. ನನಗೇನಂತೆ. ನಿನ್ನ ಪರೀಕ್ಷೆ ಉಳೀಲಿ" ಎಂದರು.

ಅರುಣಾಳ ಕೈ ನಿಂತಿತು. ಹಿಟ್ಟು ಮೆತ್ತಿದ ಕೈಯನ್ನು ಅವಳು ಹಾಗೇ ತೊಡೆಯ ಮೇಲಿಟ್ಟುಕೊಂಡಳು. "ಅತ್ತೆನ ಹುಚ್ಚಿ ಮಾಡಿ ನಾನು ಡಿಗ್ರಿ ತಗೊಳ್ಳಾ? ಕಾಪಿ ಮಾಡಿಲ್ಲ ಅಂತ ತೋರ್ಸಕ್ಕೆ ಸುಳ್ಳು ಹೇಳ್ಲಾ? ನಾನು ಓದಿರೋದು ಆಡಿಟಿಂಗು ರೀ. ನಾನು ನಿಜ ಹೇಳ್ತೀನಿ, ಆಡಿದ ಮಾತನ್ನ ಆಡಿದ ಹಾಗೇ ಹೇಳ್ತೀನಿ. ಹೋದ್ರೆ ಹೋಗ್ಲಿ."

"ಅಪ್ಪನ ಕಿವಿಗೆ ಬಿದ್ರೆ?"

"ತಾತನ ಕಿವಿಗೆ ಏನೂ ಬೀಳಲ್ಲ" ಎಂದಳು ಶ್ವೇತ. "ನಾಳೆ ಜಗಲಿ ಮೇಲೆ ಕೂರ್ಸೋಣ. ಬಾಗಿಲು ಹಾಕ್ಬಿಡೋಣ."

ಮರುದಿನ ವೇಣುಗೋಪಾಲ್ ಯಾರೂ ಹೇಳದೆಯೇ ನಾಲ್ಕೂ ಮಗ್ಗ ನಿಲ್ಲಿಸಿದ. ಹಬ್ಬದ ಸೀರೆ ತಡವಾಗಲಿ ಎಂದ. ಗಂಡನ ಬಾಯಿಂದ ಅಂಥ ಮಾತು ಬಂದದ್ದು ಅರುಣಾಳಿಗೆ ಒಂದು ಲೋಟ ಕಾಫಿ ಕುಡಿದಷ್ಟು ಧೈರ್ಯ ಕೊಟ್ಟಿತು. ಲಕ್ಷ್ಮಣಪ್ಪನವರನ್ನು ಜಗಲಿಯ ಮೇಲೆ ಕೂರಿಸಲಾಯಿತು. ತಮ್ಮನ್ನು ಯಾಕೆ ಹೊರಗೆ ಹಾಕುತ್ತಿದ್ದಾರೆ ಎಂದು ಅವರು ಕೇಳಿದ್ದಕ್ಕೆ, ಗಾಳಿ ಚೆನ್ನಾಗಿದೆ ತಾತ ಎಂದು ಮೊಮ್ಮಗಳು ಬಾಗಿಲು ಹಾಕಿದಳು.

ಪರದೆಯ ಮೇಲೆ ಮೂವರು ಕಾಣಿಸಿಕೊಂಡರು. ನಡುವೆ ಇದ್ದವರು ಅಧ್ಯಕ್ಷೆ, ಯಶಸ್ವಿನಿ ಮೇಡಂ. ಮಾತು ಬಿಗಿಯಾಗಿತ್ತು, ಆದರೆ ಮುಖದಲ್ಲಿ ದರ್ಪ ಇರಲಿಲ್ಲ.

"ಆ ಹೊತ್ತಲ್ಲಿ ನೀವು ಇವರ ಜೊತೆ ಮಾತಾಡಿದ್ದು ನಿಜಾನಾ?"

"ನಿಜ ಮೇಡಂ. ನಮ್ಮನೇಲಿ ಸದ್ದಿಲ್ದೆ ಹೀಗೆ ಆಡೋದನ್ನ ಮಾತು ಅಂತ ಯಾರೂ ಎಣಿಸಲ್ಲ. ಅದು ನಮ್ಮ ತಪ್ಪು. ಆದ್ರೆ ಉತ್ತರ ಹೇಳ್ಕೊಟ್ಟಿಲ್ಲ." ಅರುಣಾ ಮಗ್ಗದ ಸದ್ದಿನ ಬಗ್ಗೆ, ತುಟಿಯ ಮಾತಿನ ಬಗ್ಗೆ ಹೇಳಿದಳು. ಆಮೇಲೆ ಆ ದಿನ ಬಾಗಿಲಲ್ಲಿ ಆಡಿದ್ದನ್ನು ಸಾರಿನಿಂದ ಹಿಡಿದು ಕೊನೆಯ ನಗುವಿನವರೆಗೆ ಒಂದು ಮಾತೂ ಬಿಡದೆ ಒಪ್ಪಿಸಿದಳು. ಅಂಜನಮ್ಮ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಸಮಿತಿಯ ಒಬ್ಬರು ಕೆಮ್ಮಿದರು. "ಮೇಡಂ, ಇದನ್ನ ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದು ಹೇಳ್ಬೋದಲ್ವಾ?"

"ಅದನ್ನೇ ಯೋಚಿಸ್ತಾ ಇದೀನಿ" ಎಂದರು ಯಶಸ್ವಿನಿ ಮೇಡಂ. "ನಮ್ಮ ಹತ್ರ ವಿಡಿಯೋ ಇದೆ. ಸದ್ದು ತೆಗೆದು ಹಾಕ್ತೀವಿ. ಈ ತುಟಿ ಮಾತು ಓದೋಕೆ ಬರೋರು ಇನ್ನೊಬ್ರು ನೋಡಿ ಹೇಳಿದ್ರೆ, ಹೊಂದುತ್ತಾ ಇಲ್ವಾ ಗೊತ್ತಾಗತ್ತೆ."

"ನನ್ನ ಯಜಮಾನ್ರು ಇದಾರೆ ಮೇಡಂ, ಕರೀತೀನಿ."

"ಅವರಿಗೆ ನೀವು ಮೊದಲೇ ಹೇಳಿರ್ತೀರಿ ಅಲ್ವಾ?"

"ಹೇಳಿದೀನಿ."

"ಮಗಳಿಗೆ?"

"ಅವಳಿಗೂ ಹೇಳಿದೀನಿ."

"ಹಾಗಾದ್ರೆ ಮನೇಲಿ ಯಾರಿಗೆ ಹೇಳಿಲ್ಲ?"

ಅರುಣಾ ಅತ್ತೆಯ ಕಡೆ ನೋಡಿದಳು. ಅಂಜನಮ್ಮ ಅವಳ ಮೊಣಕೈ ಹಿಡಿದರು. ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ನಿಂತಿದ್ದ ವೇಣುಗೋಪಾಲ್ ಹಣೆಗೆ ಕೈ ಇಟ್ಟುಕೊಂಡ.

"ಮಾವನಿಗೆ ಹೇಳಿಲ್ಲ ಮೇಡಂ."

"ಯಾಕೆ?"

"ಹೇಳೋ ಹಾಗಿರ್ಲಿಲ್ಲ."

ಮೇಡಂಗೆ ಅರ್ಥವಾಯಿತೋ ಇಲ್ಲವೋ. "ಅವರನ್ನೇ ಕರೀರಿ. ಅವರ ಜೊತೆ ನೀವ್ಯಾರೂ ಮಾತಾಡ್ಬೇಡಿ. ತುಟಿ ಕೂಡ ಆಡ್ಸಬೇಡಿ" ಎಂದರು.

ಶ್ವೇತ ಹೋಗಿ ಬಾಗಿಲು ತೆಗೆದು ಕೈ ಹಿಡಿದು ಕರೆತಂದಳು. ಲಕ್ಷ್ಮಣಪ್ಪ ಬಂದು, ಪರದೆಗೆ ಕೈ ಮುಗಿದು, ಪಂಚೆ ಸರಿಮಾಡಿಕೊಂಡು ಕೂತರು. ಅಧ್ಯಕ್ಷೆ ವಿಷಯ ಹೇಳಿದರು. ಅವರ ತುಟಿ ನೋಡಿಯೇ ಮುದುಕರು "ಆಗ್ಲಿ ತಾಯಿ, ಹಾಕಿ" ಎಂದರು.

ವಿಡಿಯೋ ಓಡಿತು. ಬಾಗಿಲಲ್ಲಿ ಹೆಂಡತಿ, ಗೋಡೆಯ ಪಕ್ಕ ಸೊಸೆ. ಲಕ್ಷ್ಮಣಪ್ಪ ಕಣ್ಣು ಕಿರಿದು ಮಾಡಿ, ಮುಂದಕ್ಕೆ ಬಾಗಿ, ನೆಯ್ಗೆಯಲ್ಲಿ ತಪ್ಪು ಹುಡುಕುವ ಹಾಗೆ ನೋಡುತ್ತ, ತಮ್ಮ ದೊಡ್ಡ ದನಿಯಲ್ಲಿ ಹೇಳತೊಡಗಿದರು.

"ಇವ್ರು ಊಟಕ್ಕೆ ಕೂತವ್ರೆ. ಸಾರು ಎಲ್ಲಿಟ್ಟಿದ್ಯೇ... ಒಲೆ ಹಿಂದೆ, ಮುಚ್ಚಿಟ್ಟಿದೀನಿ... ನೀನೇ ಬಂದು ಬಡಿಸ್ಬೇಕಂತೆ..."

ನಿಂತರು. ಪರದೆಯ ಮೇಲೆ ಅರುಣಾಳ ತುಟಿ ಆಡಿ ಮುಗಿದಿತ್ತು, ಇಬ್ಬರು ಹೆಂಗಸರೂ ನಗುತ್ತಿದ್ದರು. ನಡುಮನೆಯಲ್ಲಿ ಕೂತಿದ್ದ ಅದೇ ಇಬ್ಬರು ಹೆಂಗಸರು ಉಸಿರು ಹಿಡಿದಿದ್ದರು. ಕಾಣಲಿಲ್ಲ ಎಂದರೆ ಮುಗಿಯಿತು. ಮರೆಯಾಯಿತು ತಾಯಿ ಎಂದರೆ ಯಾರೂ ಏನೂ ಕೇಳುವಂತಿರಲಿಲ್ಲ. ಅವರ ಮರ್ಯಾದೆ ಉಳಿಯುತ್ತಿತ್ತು, ಅವರು ಬೇಡವೆಂದ ಓದೂ ಅಲ್ಲಿಗೆ ನಿಲ್ಲುತ್ತಿತ್ತು.

"ಅದೊಂದು ತುಂಡು ಇನ್ನೊಂದ್ಸಲ ಹಾಕಿ ತಾಯಿ" ಎಂದರು ಲಕ್ಷ್ಮಣಪ್ಪ.

ಹಾಕಿದರು. ಮುದುಕರು ಪೂರಾ ನೋಡಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಪಕ್ಕದ ಮನೆಗೂ ಕೇಳುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ನಿಮ್ಮ ಯಜಮಾನ್ರಿಗೆ ಹೇಳಿ ಅತ್ತೆ, ಒಂದಿನ ತಾವೇ ಬಡಿಸ್ಕೊಂಡ್ರೆ ಕೈಯೇನೂ ಸವೆದೋಗಲ್ಲ ಅಂತ. ಹಂಗಂತ ನನ್ನ ಸೊಸೆ. ಅದನ್ನ ಹೇಳೀ ಹೇಳೀ ನನ್ನ ಬಾಯೇ ಸವೆದೋಯ್ತು. ಇದು ನನ್ನೆಂಡ್ತಿ. ಆಮೇಲೆ ನಗ್ತಾವ್ರೆ. ಅಷ್ಟೇ ಇರೋದು. ಪರೀಕ್ಷೆ ಮಾತು ಒಂದೂ ಇಲ್ಲ."

ಪರದೆಯ ಆಚೆ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಮ್ಮಿದ್ದವರು ಈಗ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು. ಯಶಸ್ವಿನಿ ಮೇಡಂ ಏನನ್ನೋ ಬರೆದುಕೊಂಡು ತಲೆಯೆತ್ತಿದರು.

"ಒಂದು ಮಾತೂ ಆಚೀಚೆ ಇಲ್ಲ. ಇದು ನಕಲು ಅಲ್ಲ ಅಂತ ನಾವು ಬರೀತೀವಿ ಅರುಣಾ. ಬಾಗಿಲಲ್ಲಿ ಇನ್ನೊಬ್ರು ನಿಂತಿದ್ದಕ್ಕೆ ಎಚ್ಚರಿಕೆ ಕೊಟ್ಟು ಬಿಡ್ತೀವಿ. ಆಡಿಟಿಂಗ್ ಅಂಕ ಬರತ್ತೆ. ನಿಮ್ಮ ಡಿಗ್ರಿ ಆಯ್ತು ಅಂತ ತಿಳ್ಕೊಳ್ಳಿ."

ಅರುಣಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪಕ್ಕದ ಕೋಣೆಯಿಂದ ಶ್ವೇತ ಕೂಗಿದ್ದು ಎಲ್ಲರಿಗೂ ಕೇಳಿಸಿತು. ಅಂಜನಮ್ಮ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದರು.

ಮೇಡಂ ಫೈಲು ಮುಚ್ಚುವಾಗ ನಗು ತಡೆಯಲಾರದೆ ಕೇಳಿದರು. "ಒಂದು ಕುತೂಹಲ ಅಷ್ಟೇ. ಆ ಯಜಮಾನ್ರು ಅಂದ್ರೆ ನೀವೇ ಅಲ್ವಾ?"

"ನಾನೇ ತಾಯಿ" ಎಂದರು ಲಕ್ಷ್ಮಣಪ್ಪ.

ಪರದೆಯ ಆಚೆಯ ನಗು ನಿಂತುಹೋಯಿತು. ಮುದುಕರು ಎದ್ದುಹೋಗಲಿಲ್ಲ. ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ಸಾಕ್ಷಿ ಇನ್ನೂ ಮುಗಿದಿಲ್ಲ ಎನ್ನುವವರ ಹಾಗೆ ನೆಟ್ಟಗೆ ಕೂತರು.

"ಆವತ್ತೂ ನಾನು ಬಡಿಸ್ಕೊಳ್ಳಿಲ್ಲ. ತಟ್ಟೆ ಮುಂದೆ ಕೂತೇ ಇದ್ದೆ. ಈ ಮಗು ಅಷ್ಟೊತ್ತು ಪರೀಕ್ಷೆ ಬರ್ದು ಎದ್ದು ಬಂದು, ತಾನು ಉಣ್ಣಕ್ಕೆ ಮುಂಚೆ ನನಗೆ ಬಡಿಸಿದ್ಲು. ಅದನ್ನೂ ಬರ್ಕೊಳ್ಳಿ."